ಅರವತ್ತರ ಮುಳ್ಳು

ಟಕ್ ಟಕ್, ಮೀಟರಿನ ಗಾಜಿನ ಮೇಲೆ ಮತ್ತೆ ಆ ಬೆರಳು, ಹರಳಿನ ಉಂಗುರ ಬಿಗಿದ ದಪ್ಪ ಬೆರಳು, ನೋಡಿಲ್ಲಿ, ಮುಳ್ಳು ಅರವತ್ತರ ಮ್ಯಾಲ ಕುಂತದ, ಹೂಂ ಹೌದ್ರೀ ಅಂದಳು ವೀರಭದ್ರಮ್ಮ, ಬಾಯಿಂದ ಹೊರಡುವುದೆಲ್ಲ ರೀ, ಒಳಗೆ ಮಾತ್ರ ಮದುವೆಯಾದ ವರ್ಷದಿಂದಲೂ ಅವನು, ಇವನು, ಈ ಗಂಡ ಶಂಭುಲಿಂಗಪ್ಪ, ಮಾನ್ವಿಯ ಅಕ್ಕಿ ಗಿರಣಿ ಸಾವಕಾರ, ಉಂಡ ಮೇಲೆ ಮೀಸೆಯಲ್ಲಿ ಅಗಳು ಉಳಿದದ್ದು ಗೊತ್ತಾಗದ ಮನುಷ್ಯ, ಅರವತ್ತಂತೆ ಅರವತ್ತು, ಕಲ್ಲೂರು ಇನ್ನೂ ಬಂದಿಲ್ಲ, ಅರವತ್ತರಲ್ಲಿ ಓಡುವ ಜೀಪಿನ ಪಕ್ಕ ಬೇವಿನ ಮರಗಳು ಹೀಗೆ ಒಂದೊಂದಾಗಿ ಮುಖ ತೋರಿಸಿ ಹೋಗುತ್ತವೆಯೇ, ಎದುರಿಗೆ ಬಂದ ಸೈಕಲ್ಲಿನವನ ಹಲ್ಲಿನ ಸಂದು ಕೂಡ ಕಾಣಿಸಿತು — ನಗು ಬಂತು, ನುಂಗಿದಳು, ತೊಡೆಯ ಮೇಲಿನ ಗಂಟನ್ನು ಒತ್ತಿ ಹಿಡಿದಳು, ಒಳಗೆ ಶೇಂಗಾ ಹೋಳಿಗೆ, ಒಂದು ಕೆಂಪು ಕುಲಾಯಿ, ಕೂಸಿನ ತಲೆ ಎಷ್ಟು ದೊಡ್ಡದೋ ಏನೋ, ಯಾರನ್ನು ಕೇಳುವುದು, ಅಂದಾಜಿನ ಮೇಲೆ ಹೊಲಿದದ್ದು. ರೈಲುಗಾಡಿ ರಾಯಚೂರಿನಲ್ಲಿ ನಿಲ್ಲುವುದೇ ಸ್ವಲ್ಪ ಹೊತ್ತು, ಬೊಂಬಾಯಿ ಕಡೆಯಿಂದ ಬಂದು ಮದ್ರಾಸಿಗೆ ಹೋಗುವ ಗಾಡಿ, ಅದರಲ್ಲಿ ತಂಗಿ ಇದ್ದಾಳೆ, ಶಿವಬಸಮ್ಮ, ಶಿವಿ, ದೇವದುರ್ಗದ ತವರುಮನೆಯಲ್ಲಿ ಒಂದೇ ಕೌದಿಯಲ್ಲಿ ಮಲಗಿ ಬೆಳೆದ ಶಿವಿ, ಸೊಲ್ಲಾಪುರದ ದವಾಖಾನೆಯಲ್ಲಿ ನರ್ಸಾಗಿ, ಕೂಲಿಯವರ ಕೇರಿಯಿಂದ ಓದಿ ಮೇಲೆ ಬಂದ ವೆಂಕೋಬ ಮಾಸ್ತರನ್ನು ಮದುವೆಯಾದವಳು, ಅಪ್ಪ ಅವಳ ಹೆಸರಿಗೆ ಸ್ನಾನ ಮಾಡಿ ಬಂದ, ಆ ಬಾಗಿಲು ಮುಚ್ಚಿತು, ಗಂಡನೂ ಹೊಸಿಲು ತೋರಿಸಿ ಹೇಳಿದ್ದ, ಆಕಿ ನೆಳ್ಳು ಇಲ್ಲಿ ಬಿದ್ರ ನೀನೂ ಆಕಿ ಜೊತಿ ಹೋಗು, ಈಗ ಅವರು ಮದ್ರಾಸಿಗೆ ಹೊರಟಿದ್ದಾರೆ, ಇನ್ನು ಈ ಕಡೆ ಬರುವವರಲ್ಲ, ಸೂಲಗಿತ್ತಿ ಗೋಪಮ್ಮ ಹಿತ್ತಲಿಗೆ ಬಂದು ಪಿಸುಗುಟ್ಟಿದಳು, ಯವ್ವಾ, ಹೆಂಗಾರ ಮಾಡಿ ಟೇಸನ್ನಿಗೆ ಬಾ ಅಂದಾಳ, ಬಾಗಲದಾಗ ನಿಂತಿರ್ತಾಳಂತ, ಕೂಸಿನ್ನ ತೋರಸ್ತಾಳಂತ.

ಕೇಳಿದಾಗ ಇವನು ಒಪ್ಪಿಕೊಂಡದ್ದೇ ಒಂದು ತಮಾಷೆ, ಕೂಗಾಡುತ್ತಾನೆ ಅಂತ ಮೂರು ದಿನ ಬಾಯಿ ಕಟ್ಟಿಕೊಂಡಿದ್ದಳು, ಕೊನೆಗೆ ಉಣ್ಣಲು ಬಡಿಸುತ್ತ ಹೇಳಿದರೆ ತಲೆ ಎತ್ತದೆ, ಹೋಗಣ ಬಿಡು, ನಾನ ಜೀಪ್ ಹೊಡೀತೀನಿ, ಡ್ರೈವರ್ ಹುಸೇನಪ್ಪ ಬ್ಯಾಡ, ಅಂದ, ಅವಳಿಗೆ ಆಗಲೇ ಗೊತ್ತಾಯಿತು, ಮೆರೆಯುವುದಕ್ಕೆ ಒಂದು ನೆವ ಬೇಕಿತ್ತು ಅವನಿಗೆ, ಈ ಡಬ್ಬಾ ಜೀಪನ್ನು ರಾಯಚೂರಿನ ಟೇಸನ್ನಿನ ಮುಂದೆ ನಿಲ್ಲಿಸಿ ಮೈತುಂಬ ಸೆಂಟು ಹೊಡೆದುಕೊಂಡು ಇಳಿಯಬೇಕು, ಅಷ್ಟೇ, ಜೀಪೆಂದರೆ ಅವನಿಗೆ ಹೆಂಡತಿಗಿಂತ ಹೆಚ್ಚು, ಹೋದ ವರ್ಷ ರೇಡಿಯೊದಲ್ಲಿ ಕ್ರಿಕೆಟ್ ಕಪ್ ಗೆದ್ದ ಸುದ್ದಿ ಬಂದ ಮಳೆಗಾಲದಲ್ಲಿ ಕವಿತಾಳದ ಹತ್ತಿರ ಎರೆ ಹೊಲದಲ್ಲಿ ಹೂತುಕೊಂಡಿತ್ತು, ನೆಲ್ಲು ನೋಡಲು ಹೋದ ಸಾವಕಾರ ಪಂಚೆ ಎತ್ತಿ ಕೆಸರಿನಲ್ಲಿ ನಿಂತಿದ್ದ, ಎತ್ತು ಕಟ್ಟಿ ಎಳೆದರು, ಊರೆಲ್ಲ ನಕ್ಕಿತು, ಆ ಸಿಟ್ಟಿಗೆ ಮಿಲಿಟರಿ ಹರಾಜಿನ ಗಾಡಿಯೊಂದರ ಹಿಂದಿನ ಮುಂದಿನ ಎರಡೂ ಆಕ್ಸಲ್ ತರಿಸಿ ಗಿರಣಿಯ ಅಂಗಳದಲ್ಲೇ ಕೂಡಿಸಿದ, ಮೆಕ್ಯಾನಿಕ್ ಸತ್ತಾರ್ ಸಾಬ್ ಚಾದರ ಹಾಸಿಕೊಂಡು ಗಾಡಿಯ ಕೆಳಗೆ, ಡ್ರೈವರ್ ಹುಸೇನಪ್ಪ ಪಾನಾ ಕೊಡುತ್ತ ಪಕ್ಕಕ್ಕೆ, ಇವಳು ಅಡುಗೆಮನೆ ಕಿಟಕಿಯ ಹಿಂದೆ ಮೆಂತ್ಯೆ ಸೊಪ್ಪು ಬಿಡಿಸುತ್ತ, ಸತ್ತಾರ್ ಸಾಬ್ ಹೇಳುತ್ತಿದ್ದ, ಇನ್ನ ಗಾಡಿ ಎಮ್ಮಿ ಹಂಗ ಎಳೀತದ ನೋಡು, ಆದ್ರ ಓಡಾದು ಕಮ್ಮಿ, ಮೀಟರಿಗೆ ಅದು ತಿಳಿಯಾಂಗಿಲ್ಲ, ಅದು ಹಳೀ ಲೆಕ್ಕನ ಹೇಳ್ತದ, ಅರವತ್ತಂದ್ರ ನಲವತ್ತೈದು ತಿಳ್ಕೊ, ಮೀಟರಿನ ವಾಯರ್ ಬುಡಕ ಒಂದು ಸಣ್ಣ ಹಲ್ಲಿನ ಚಕ್ರ ಇರ್ತದ, ಅದನ್ನ ಬದಲಿ ಮಾಡಿ ಹೊಂದಸಬೇಕು, ಹುಸೇನಪ್ಪ ನಕ್ಕ, ಬ್ಯಾಡ್ರಿ ಸಾಬ್ರ, ನಮ್ಮ ಸಾವಕಾರ್ರು ಖುಷೀಲೆ ಇರ್ಲಿ ಬಿಡ್ರಿ — ಅಂದಿನಿಂದ ಅದು ಅವಳ ಬಚ್ಚಿಟ್ಟ ಬೆಲ್ಲ, ಪೋಸ್ಟ್ ಮಾಸ್ತರರ ಮುಂದೆ, ಡಾಕ್ಟರ ಮುಂದೆ, ನಮ್ಮ ಜೀಪು ಎಂಬತ್ತರಾಗ ಹೋಗ್ತದ ಅಂತ ಇವನು ಎದೆ ಉಬ್ಬಿಸಿದಾಗಲೆಲ್ಲ ಅವಳು ಚಹದ ಬಸಿ ಹಿಡಿದು ನಿಂತು ನಾಲಿಗೆಯ ಕೆಳಗೆ ಅದನ್ನು ಚೀಪುತ್ತಿದ್ದಳು, ತಿಪ್ಪರಲಾಗ ಹಾಕಿದರೂ ಈ ಸುಖವನ್ನು ಅವನಿಗೆ ಬಿಟ್ಟುಕೊಡುವವಳಲ್ಲ, ಇವತ್ತು ಕೂಡ, ಸೀರೆ ಉಟ್ಟು ಹೊಸಿಲಲ್ಲಿ ಕೂತವಳ ಮುಂದೆ ಇವನು ಜಳಕ, ಲಿಂಗಪೂಜೆ, ಇನ್ನೊಂದು ತಾಟು ಮಂಡಾಳ ಒಗ್ಗರಣೆ, ಯಾಕ ಒದ್ದಾಡ್ತಿ, ಅರವತ್ತರಾಗ ಹೊಡದ್ರ ಮುಕ್ಕಾಲು ತಾಸಿನ ಹಾದಿ, ಗಾಡಿ ಬರೋ ಮುಂದ ನಾವ ಅಲ್ಲಿರ್ತೀವಿ, ಹೇಳಿಬಿಡೋಣ ಅನ್ನಿಸಿತ್ತು, ನಿಮ್ಮ ಅರವತ್ತು ಅರವತ್ತಲ್ಲ ಅಂತ, ಬಾಯಿಯ ತನಕ ಬಂತು, ಹಿಂದಕ್ಕೆ ಹೋಯಿತು, ಮುಖ ನೋಡು, ಇಂಥವನಿಗೆ ಏನು ಹೇಳುವುದು, ರೈಲು ಯಾವತ್ತು ಸರಿಯಾದ ಹೊತ್ತಿಗೆ ಬಂದಿದೆ.

ಕಲ್ಲೂರು, ಬಸ್ಸು ನಿಲ್ಲುವ ಗಿಡದ ಕೆಳಗೆ ಕೈ ಎತ್ತಿದವನು ಗಡಿಗೆಪ್ಪ, ಸಿರವಾರದ ದಲಾಲಿ, ಗಿರಣಿಗೆ ನೆಲ್ಲು ತರುವವನು, ನಿಲ್ಲಿಸಬೇಡ ನಿಲ್ಲಿಸಬೇಡ ಅಂದಿತು ಒಳಗೆ, ನಿಲ್ಲಿಸಿದ, ಎಲ್ಲಿಗ್ರೀ ಸಾವಕಾರ್ರ, ರಾಯಚೂರಿಗಾದ್ರ ನಾನೂ ಬರ್ತೀನ್ರಿ, ಬಾ ಬಾ, ಏ, ನೀ ಹಿಂದ ಹೋಗು, ಗಂಡಸು ಹತ್ತಿದರೆ ಹೆಂಗಸು ಹಿಂದಕ್ಕೆ, ಅದೇನು ಹೊಸದಲ್ಲ, ಇಳಿದು ಸೆರಗು ಸರಿಮಾಡಿಕೊಂಡು ಗೋಣಿಚೀಲ, ಸ್ಟೆಪ್ನಿ, ಸೀಮೆಎಣ್ಣೆ ಡಬ್ಬಿಗಳ ನಡುವೆ ಕೂತಳು, ಗಂಟಿಗೆ ವಾಸನೆ ಹತ್ತದಿರಲೆಂದು ಎದೆಗೆ ಅವಚಿಕೊಂಡು, ಅವರಿಬ್ಬರೂ ಹೊಗೆ ಬಿಡುತ್ತ ಮಾತು, ಸೋನಾ ಮಸೂರಿ, ಲೆವಿ, ಕಾಲುವೆ ನೀರು, ಹಿಂದೆ ಕೂತವಳು ಚೀಲಗಳಲ್ಲಿ ಒಂದು ಚೀಲ, ಇಬ್ಬರೂ ಒಂದೇ ತೂಕದ ಕೋಣಗಳು, ಆಗ ಗಡಿಗೆಪ್ಪ ಬಗ್ಗಿ ನೋಡಿದ, ಏನ್ರೀ ಇದು, ಅರವತ್ತು ತೋರಸಾಕತ್ತದ, ಮಾರಿಗೆ ಗಾಳೀನ ಹತ್ತವಲ್ದು, ಈಗ ಸಿಕ್ಕಿಬಿದ್ದ ನೋಡು, ಅವಳು ಗೊತ್ತಿಲ್ಲದೆ ಮುಂದಕ್ಕೆ ಬಾಗಿದಳು, ಈ ಪೆದ್ದನ ಮುಖ ಬಾಡುವುದನ್ನು ನೋಡಬೇಕು, ಇವನು ನಕ್ಕ, ಗಡಿಗೆಪ್ಪನ ತೊಡೆಗೆ ಹೊಡೆದು ನಕ್ಕ, ಏ ಅದನ್ನೇನು ನೋಡ್ತಿ, ಸುಳ್ಳ ಮುಳ್ಳದು, ಆಕ್ಸಲ್ ಬದಲಿ ಮಾಡಿಸೀನಲ್ಲ, ನಲವತ್ತೈದರಾಗ ಹೋಗಾಕತ್ತೀವಿ, ಸತ್ತಾರ್ ಸಾಬ್ ಅವತ್ತ ಹೇಳ್ಯಾನ, ಚಕ್ರನೂ ತಂದಿದ್ದ, ನಾನ ಬ್ಯಾಡ ಅಂದೆ, ಹೊಂದಿಸಿ ಏನು ಮಾಡೋದದ, ಇರ್ಲಿ, ಒಂದೊಂದು ಹೊತ್ತಿನಾಗ ಉಪಯೋಗಕ್ಕ ಬರ್ತದ.

ಉಪಯೋಗಕ್ಕೆ — ಎಂಜಿನ್ನಿನ ಸದ್ದು, ಡಬ್ಬಿಯ ಸದ್ದು, ಅವಳು ಕೇಳಿದ್ದು ಸರಿಯೇ, ಅವತ್ತೇ ಹೇಳಿದ್ದನಂತೆ, ಅಂದರೆ ಎಂಬತ್ತು ಅಂತ ಎದೆ ಉಬ್ಬಿಸಿದಾಗಲೂ, ಜಳಕ ಮಾಡುವಾಗಲೂ, ಮಂಡಾಳ ಒಂದೊಂದೇ ಹೆಕ್ಕಿ ತಿನ್ನುವಾಗಲೂ, ಹುಸೇನಪ್ಪ ಬ್ಯಾಡ ಅಂದಾಗಲೂ, ಹುಸೇನಪ್ಪನಿದ್ದರೆ ಸಾವಕಾರ್ರ ಬೇಗ ಬಿಡಬೇಕ್ರಿ ಅಂದಿರುತ್ತಿದ್ದ, ಅದಕ್ಕೇ ಬ್ಯಾಡ — ತಲೆ ಎತ್ತಿದಳು, ಮೇಲಿನ ಪುಟ್ಟ ಕನ್ನಡಿಯಲ್ಲಿ ಎರಡು ಕಣ್ಣು, ದಾರಿಯ ಮೇಲಿಲ್ಲ, ಅವಳ ಮೇಲಿವೆ, ಜೋರು ಹೊಡೀರಿ, ಅಂದಳು, ಮದುವೆಯಾದಾಗಿನಿಂದ ಗಂಡಸರ ಮಾತಿನ ನಡುವೆ ಬಾಯಿ ಹಾಕಿದ್ದು ಇದೇ ಮೊದಲು, ಇನ್ನ ಎಷ್ಟು ಜೋರು ಹೊಡೀಲೇ, ಅರವತ್ತದಲ್ಲ, ಅಂದ ಅವನು, ಗಡಿಗೆಪ್ಪ ಕಿಸಕ್ಕನೆ ನಕ್ಕ, ಕನ್ನಡಿಯೊಳಗಿನ ಕಣ್ಣು ನಗಲಿಲ್ಲ, ತಣ್ಣಗೆ, ಬಿಡಿಸಿಟ್ಟ ಶೇಂಗಾ ಬೀಜದ ಹಾಗೆ, ಇಷ್ಟು ವರ್ಷ ಆ ಕಣ್ಣನ್ನು ಅವಳು ನೋಡಿಯೇ ಇರಲಿಲ್ಲ, ಹೊಟ್ಟೆ ನೋಡಿದ್ದಳು, ಮೀಸೆ ನೋಡಿದ್ದಳು, ಉಂಗುರ ನೋಡಿ ನಕ್ಕಿದ್ದಳು, ಪೆದ್ದ ಪೆದ್ದ ಅಂತ ಮನಸ್ಸಿನಲ್ಲಿ ಅವನನ್ನು ಗೋಣಿಯಲ್ಲಿ ತುಂಬಿ ಬಾಯಿ ಹೊಲಿದು ಮೂಲೆಗಿಟ್ಟಿದ್ದಳು, ಗೋಣಿ ಅವಳ ಮೇಲೆ ಕಣ್ಣಿಟ್ಟು ಕೂತಿತ್ತು, ಒಂದು ಮಾತು, ಬೆಳಿಗ್ಗೆ ಒಂದೇ ಒಂದು ಮಾತು ಆಡಿದ್ದರೆ, ನನಗೂ ಗೊತ್ತದ ಅಂದಿದ್ದರೆ, ಆ ಬೆಲ್ಲ ಉಗುಳಿದ್ದರೆ —

ರಾಯಚೂರು, ಟೇಸನ್ ರಸ್ತೆ, ಟಾಂಗಾಗಳು, ಗಡಿಗೆಪ್ಪ ಎಲ್ಲಿ ಇಳಿದನೋ, ಸಿಳ್ಳೆ ಕೇಳಿಸಿತು, ಇದು ಬರುವ ಸಿಳ್ಳೆ ಇರಲಿ ಇರಲಿ, ಜೀಪು ನಿಲ್ಲುವ ಮೊದಲೇ ಹಿಂದಿನ ಪಟ್ಟಿ ಹಿಡಿದು ಎದ್ದು ನಿಂತಳು, ಪಾರ್ಸಲ್ ಕೋಣೆಯ ಪಕ್ಕದ ಕಂಬಿಬೇಲಿಯ ಆಚೆ ರೈಲಿನ ಡಬ್ಬಿಗಳು ಸರಿಯುತ್ತಿವೆ, ಮೊದಲು ನಿಧಾನ, ಆಮೇಲೆ ನಿಧಾನವಲ್ಲ, ಒಂದು ಬಾಗಿಲಲ್ಲಿ ಯಾರೋ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು, ಪ್ಲಾಟ್‌ಫಾರ್ಮಿನ ಕಡೆಗಲ್ಲ, ಹೊರಗಿನ ರಸ್ತೆಯ ಕಡೆಗೆ, ಬರುವ ದಾರಿಯ ಕಡೆಗೆ, ಶಿವಿಯೋ ಅಲ್ಲವೋ, ಬರಿದಲೆ, ಬರಿದಲೆಯ ಕೂಸು, ಹೋಯಿತು, ಎಂಜಿನ್ ಆರಿಸಿದ ಸದ್ದು, ಅಯ್ಯ ಶಿವನೇ, ಹೋತೇನು, ಅರವತ್ತರಾಗ ಬಂದ್ವಲ್ಲ, ಅಂದ, ಪೆದ್ದನ ದನಿ, ಅದೇ ಹಳೆಯ ದನಿ, ಎಷ್ಟು ಚೆನ್ನಾಗಿ ಮಾಡುತ್ತಾನೆ, ಅವಳು ಹೂಂ ಅನ್ನಲಿಲ್ಲ, ರೀ ಅನ್ನಲಿಲ್ಲ, ತಲೆ ಎತ್ತಿದಳು, ಪುಟ್ಟ ಕನ್ನಡಿ, ಅದರೊಳಗೆ ಎರಡು ಕಣ್ಣು, ಅವಳು ಅಳುತ್ತಾಳೋ ಇಲ್ಲವೋ ಅಂತ ಕಾಯುತ್ತಿರುವ ಕಣ್ಣು, ಮಿಟುಕಿಸುತ್ತಿಲ್ಲ, ಎರಡು ಕಣ್ಣು, ಕನ್ನಡಿಯಲ್ಲಿ