ಒಂದೇ ಮೀನು, ಎರಡು ಹೆಸರು

ಶ್ರೀವಿದ್ಯಾಗೆ ಮೈಯೆಲ್ಲ ಉರಿಯುತ್ತಿತ್ತು. ಕೊಡ್ಲಿ ಕೆರೆಯ ಏರಿಯ ಮೇಲೆ ಕಾಟ್ಲಾ ಮೀನುಮರಿಗಳ ಲಾರಿ ಬಂದು ನಿಂತಿದೆ, ಆನಂದತೀರ್ಥ ಸರ್ ಫೋಟೊಗೆಂದು ಶಾಲು ಸರಿಮಾಡಿಕೊಳ್ಳುತ್ತಿದ್ದಾರೆ! ಮರಿಗಳು ನೀರಿಗೆ ಬಿದ್ದರೆ ಮುಗಿಯಿತು. ಕೆರೆಯ ಹಳೆಯ ಮೀನುಗಳಿಗೆ ಬಂದಿರುವ ಹುಣ್ಣುರೋಗ ಅವಕ್ಕೂ ಹತ್ತಿ ಎಲ್ಲ ಸತ್ತು ತೇಲುತ್ತವೆ. ಜಗದೇವಿ ಮುಂದಾಳಾಗಿರುವ ಮೀನುಗಾರ ಸಂಘದ ಹೆಂಗಸರ ವರ್ಷದ ಅನ್ನವೇ ಹೋದಂತೆ.

ಸರ್ ಮತ್ತು ಶ್ರೀವಿದ್ಯಾ ಇಬ್ಬರೂ ಕಾಲೇಜಿನಲ್ಲಿ ಗಣಿತ ಕಲಿಸುವವರು. ಬಿಸಿಲು ವರ್ಷವರ್ಷಕ್ಕೆ ಏರಿ ಕೆರೆ ಬಿಸಿಯಾದರೆ, ರೋಗ ಒಂದು ಜಾತಿಯ ಮೀನಿನಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆಂದು ಹೊಸ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿದ್ದರು. ಇಬ್ಬರೂ ಮಡಿ ಮನೆಯವರು. ಮೀನು ತಿಂದವರಲ್ಲ, ಮುಟ್ಟಿದವರೂ ಅಲ್ಲ. ಕೆರೆಯಲ್ಲಿ ಯಾವ ಯಾವ ಮೀನುಗಳಿವೆ ಎಂದು ಕೇಳಿದಾಗ ಚಿತ್ತಾಪುರದವರು ‘ಮರಲ್’ ಎಂದರು, ಸರ್ ಬರೆದುಕೊಂಡರು. ತೆಲುಗು ಸೀಮೆಗೆ ಹತ್ತಿದ ಚಿಂಚೋಳಿಯವರು ‘ಕೊರಮೀನು’ ಎಂದರು, ಅದನ್ನೂ ಬರೆದುಕೊಂಡರು. ಎರಡು ಹೆಸರು, ಎರಡು ಜಾತಿ! ಜಾತಿ ಬೇರೆಯಾದರೆ ರೋಗ ದಾಟುವುದು ನಿಧಾನ. ಹಾಗಾಗಿ ಅಪಾಯವಿಲ್ಲವೆಂದು ಲೆಕ್ಕ ಹೇಳಿತು, ಅದನ್ನು ನಂಬಿ ಮೀನುಗಾರಿಕೆ ಇಲಾಖೆಯ ಸಾಹೇಬರು ಲಾರಿ ತರಿಸಿದರು.

ನಿನ್ನೆ ಜಗದೇವಿ ಒಂದೇ ಮೀನನ್ನು ಎರಡೂ ಹೆಸರಿನಿಂದ ಕರೆದಾಗ ಶ್ರೀವಿದ್ಯಾಗೆ ಎರಡೂ ಒಂದೇ ಜಾತಿಯೆಂದು ತಿಳಿಯಿತು. ಸಂಜೆಯೇ ಲೆಕ್ಕ ತಿದ್ದಿ ನೋಡಿದಳು. ಈ ಸಲ ಲೆಕ್ಕದಲ್ಲಿ ಬೇಸಿಗೆ ಮುಗಿಯುವುದರೊಳಗೆ ರೋಗ ಕೆರೆಯನ್ನೆಲ್ಲ ಹಬ್ಬಿ ಕಾಟ್ಲಾ ಮರಿಗಳಿಗೂ ಹತ್ತಿತು. ಸರ್‌ಗೆ ಹೇಳಿದರೆ ಏನೆಂದರು?

“ಸಣ್ಣ ತಪ್ಪು ಬಿಡವಾ. ಸಾಹೇಬ್ರು ಬರ್ಲಿಕತ್ತಾರ. ಈಗ ನನ್ನ ಮರ್ಯಾದಿ ತಗೀಬ್ಯಾಡ.”

ಮರ್ಯಾದೆಯಂತೆ, ಮರ್ಯಾದೆ!

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಜಗದೇವಿಯ ಬುಟ್ಟಿಗೆ ಕೈಹಾಕಿ, ಹುಟ್ಟಿದಾಗಿನಿಂದ ಮುಟ್ಟದ ಮೀನು ಎರಡನ್ನು ಎತ್ತಿದಳು. ಲೋಳೆ ಕೈಗೆ ಅಂಟಿತು. ಬಿಡಲಿಲ್ಲ. ನೇರ ಹೋಗಿ ಸರ್ ಮುಂದೆ ಹಿಡಿದಳು.

“ಸರ್, ಇದರಾಗ ಮರಲ್ ಯಾವ್ದು, ಕೊರಮೀನು ಯಾವ್ದು?”

ಸರ್ ಶಾಲಿನಿಂದ ಮೂಗು ಮುಚ್ಚಿಕೊಂಡರು. “ಏನಿದು ಹುಚ್ಚಾಟ! ದೂರ ಸರಿ!”

“ಹೇಳ್ರಿ! ಬರದವ್ರು ನೀವೇ ಅಲ್ಲೇನ್ರಿ?”

ಹೆಂಗಸರೆಲ್ಲ ನೋಡುತ್ತಿದ್ದರು. ಸಾಹೇಬರೂ ನೋಡುತ್ತಿದ್ದರು. ಸರ್ ಕಣ್ಣು ಅತ್ತಿತ್ತ ಹರಿಸಿ, ಕೊನೆಗೆ ದಪ್ಪನೆಯ ಮೀನಿಗೆ ಬೆರಳು ತೋರಿಸಿದರು.

“ಅದು... ಕೊರಮೀನು.”

ಯಾರೂ ನಗಲಿಲ್ಲ. ಜಗದೇವಿ ಎರಡೂ ಮೀನು ಅವಳ ಕೈಯಿಂದ ತೆಗೆದುಕೊಂಡು ಒಂದೇ ಬುಟ್ಟಿಗೆ ಹಾಕಿದಳು. ಆಮೇಲೆ ಲಾರಿಯ ಡ್ರೈವರನ ಕಡೆ ತಿರುಗಿ ಕೂಗಿದಳು.

“ಏ ಲಾಲಪ್ಪ, ಗಾಡಿ ತಿರುಗಸೋ! ನಮ್ಮ ಕೆರ್ಯಾಗ ಒಂದು ಮರೀನೂ ಬಿಡಗೊಡಂಗಿಲ್ಲ.”