ಜೋಡಿ ಡಬ್ಬಿ

ವೆಲ್ಡಿಂಗ್ ಮೇಸ್ತ್ರಿಯ ಹೊಟ್ಟೆಗೆ ಕಿಚ್ಚು ಹತ್ತಿಸಿದ್ದು ಒಂದೇ ಒಂದು ಮಾತು. ಅದನ್ನು ಆಡಿದ ಹುಡುಗಿಗೆ ತಾನು ಬೆಂಕಿ ಇಟ್ಟು ಹೋದೆ ಎಂಬುದೂ ಗೊತ್ತಿರಲಿಲ್ಲ.

ದುಡಿಯುವ ಜನ ದಿನವಿಡೀ ಎಷ್ಟು ಹೊಗೆ ಕುಡಿಯುತ್ತಾರೆ ಎಂದು ಅಳೆಯುವ ಸೆನ್ಸರುಗಳನ್ನು ಅವಳು ತನ್ನ ಕಾಲೇಜಿನಿಂದ ತಂದಿದ್ದಳು. ಸೋಪಿನ ಡಬ್ಬಿಯಷ್ಟಿದ್ದವು, ಕೊರಳಿಗೆ ಹಾಕಿಕೊಳ್ಳುವಂಥವು. ಅವು ಸರಿಯಾಗಿ ಅಳೆಯುತ್ತವೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಮೇಸ್ತ್ರಿಗೊಂದು ಕೊಟ್ಟಳು. ಬೇಕರಿಯಲ್ಲಿ ಬ್ರೆಡ್ಡು ಕಟ್ಟುವ ಅವನ ಹೆಂಡತಿಗೊಂದು, ಅಲ್ಲೇ ಭಟ್ಟಿ ನೋಡಿಕೊಳ್ಳುವವನಿಗೊಂದು.

ವಾರದ ಮೇಲೆ ಬಂದು ಬೇಕರಿಯ ಮೇಜಿನ ಮೇಲೆ ಮೂವರ ಮುಂದೆ ಲ್ಯಾಪ್‌ಟಾಪ್ ತೆರೆದಳು. ಕೆಂಪು ಗೆರೆ ಹೆಂಡತಿಯದು, ನೀಲಿ ಭಟ್ಟಿಯವನದು. ಹೊಗೆ ಹೆಚ್ಚಿದಷ್ಟೂ ಗೆರೆ ಏರುತ್ತದೆ.

"ಅಕ್ಕಂದೂ ಇವರದೂ ಒಳ್ಳೇ ಜೋಡಿ," ಅಂದಳು. "ಮಧ್ಯಾಹ್ನ ನೋಡಿ, ಒಂದು ಇಳಿದ್ರೆ ಇನ್ನೊಂದೂ ಇಳಿಯುತ್ತೆ. ಬಿಟ್ಟಿರೋದೇ ಇಲ್ಲ."

ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಮೇಸ್ತ್ರಿಗೆ ಚುಚ್ಚಿದ್ದು ಅದೇ. ಒಂದೇ ಕೋಣೆಯಲ್ಲಿ ಕೆಲಸ, ಒಂದೇ ಹೊಗೆ, ಒಪ್ಪಿದ. ಆದರೆ ಮಧ್ಯಾಹ್ನ ಇಬ್ಬರಿಗೂ ಒಟ್ಟಿಗೆ ಒಳ್ಳೆಯ ಗಾಳಿ ಸಿಕ್ಕಿದ್ದಾದರೂ ಎಲ್ಲಿ? ಭಟ್ಟಿಯವನು ಹೆಂಡತಿ ಸತ್ತವನು, ಹಾಡು ಬೇರೆ ಹೇಳುತ್ತಾನೆ. ಇವಳನ್ನು ಅಕ್ಕ, ತನ್ನನ್ನು ಭಾವ ಎನ್ನುತ್ತಾನೆ. ಅಕ್ಕ ಅಂದುಬಿಟ್ಟರೆ ಎಲ್ಲ ಮುಗಿಯಿತೇ?

ಮನೆಗೆ ಬಂದವನೇ ಕೇಳಿದ. "ಮಧ್ಯಾಹ್ನ ಎಲ್ಲಿಗೆ ಹೋಗ್ತೀಯೇ?"

"ಎಲ್ಲಿಗೆ ಹೋಗ್ಲಿ? ಹಿಟ್ಟಿನ ಮೂಟೆಗೆ ಒರಗಿ ಒಂದು ನಿದ್ದೆ ತೆಗೀತೀನಿ."

"ಅಲ್ಲಿ ತಂಗಾಳಿ ಬೀಸುತ್ತಾ?"

"ನಿಮ್ಮ ತಲೇಲಿ ಬೀಸ್ತಿರೋ ಹಾಗಿದೆ. ಕೈ ತೊಳೀರಿ."

ಹಿಟ್ಟಿನ ಧೂಳೂ ಧೂಳೇ ಅಲ್ಲವೇ? ಅದರ ಪಕ್ಕ ಮಲಗಿದ್ದರೆ ಗೆರೆ ಏರಬೇಕಿತ್ತು. ಅಂದರೆ ಸುಳ್ಳು ಹೇಳುತ್ತಿದ್ದಾಳೆ.

ಮರುದಿನದಿಂದ ಊಟದ ಹೊತ್ತಿಗೆ ಶಾಪಿನ ಬಾಗಿಲೆಳೆದು ಬೇಕರಿಯ ಹಿಂದಿನ ಓಣಿಗೆ ಹೋಗಿ, ಹಿಂಬಾಗಿಲ ಮೇಲೆ ಕಣ್ಣಿಟ್ಟು ನಿಂತ. ಅವಿತುಕೊಳ್ಳಲು ಇದ್ದದ್ದು ಭಟ್ಟಿಯ ಹೊಗೆಗೂಡಿನ ಮರೆಯೊಂದೇ. ಒಳಗೆ ಸೌದೆ ಬಿದ್ದಾಗಲೆಲ್ಲ ಅದರ ಬಿರುಕಿನಿಂದ ಕಪ್ಪು ಹೊಗೆ ಮುಖಕ್ಕೇ ಹೊಡೆಯುತ್ತಿತ್ತು. ಕಣ್ಣು ಉರಿದು ನೀರು ಸುರಿದರೂ ಕದಲಲಿಲ್ಲ. ಹಿಂಬಾಗಿಲಿಂದ ಒಂದು ನೊಣವೂ ಆಚೆ ಬರಲಿಲ್ಲ. ಕಳ್ಳರು ಮುಂಬಾಗಿಲಿಂದ ಹೋಗುತ್ತಿದ್ದಾರೆ ಎಂದುಕೊಂಡ. ಸಿಟ್ಟಿನಲ್ಲಿ ತನ್ನ ಕೊರಳಲ್ಲೂ ಒಂದು ಡಬ್ಬಿ ನೇತಾಡುತ್ತಿರುವುದು ಮರೆತೇ ಹೋಗಿತ್ತು.

ವಾರ ಕಳೆದು ಹುಡುಗಿ ಮತ್ತೆ ಬೇಕರಿಗೆ ಬಂದಳು. ಮೇಸ್ತ್ರಿ ತಡೆಯಲಾರದೆ ಕೇಳಿದ. "ಈ ಸಲವೂ ಜೋಡೀನಾ ತಾಯಿ?"

"ಜೋಡಿ ಸರಿಯಾಗಿದೆ ಅಣ್ಣ. ಮಧ್ಯಾಹ್ನ ಎರಡು ಡಬ್ಬೀನೂ ಬೇಕರಿ ಮಹಡಿ ಮೇಲೆ ಒಂದೇ ಮೊಳೆಗೆ ಹಾಕಿಡಿ ಅಂತ ಇವರಿಬ್ಬರಿಗೂ ಹೇಳಿದ್ದೆ. ಒಂದೇ ಗಾಳೀಲಿ ಎರಡೂ ಒಂದೇ ಅಳತೆ ತೋರಿಸ್ಬೇಕು. ಅದನ್ನೇ ನಾವು ಜೋಡಿ ಅನ್ನೋದು."

ಮೇಸ್ತ್ರಿಯ ಎದೆಯಿಂದ ಬಂಡೆ ಇಳಿದಂತಾಯಿತು. ಅಷ್ಟರಲ್ಲಿ ಹುಡುಗಿ ಹಸಿರು ಗೆರೆ ತೋರಿಸಿದಳು.

"ಕೆಟ್ಟಿರೋದು ನಿಮ್ದೇ. ಊಟದ ಹೊತ್ತಲ್ಲಿ ಶಾಪು ಮುಚ್ಚಿರುತ್ತೆ, ಗೆರೆ ಆಕಾಶ ಮುಟ್ಟಿದೆ. ಬೇರೆ ಡಬ್ಬಿ ಕೊಡ್ತೀನಿ."

"ಕೊಡು ತಾಯಿ, ಕೊಡು," ಅಂದ ಮೇಸ್ತ್ರಿ ಅವಸರದಲ್ಲಿ.

"ಅದು ನಾನು ಸೌದೆ ಹಾಕೋ ಹೊತ್ತಲ್ವಾ ಭಾವ?" ಭಟ್ಟಿಯವನು ಸುಮ್ಮನೆ ಕೇಳಿದ.

ಹೆಂಡತಿ ಗಂಡನ ಅಂಗಿಯ ಕಾಲರು ನೋಡಿದಳು. ವಾರವಿಡೀ ಎಷ್ಟು ಉಜ್ಜಿದರೂ ಹೋಗದ ಮಸಿ. ಅವಳ ಮುಖದ ನಗು ಆರಿತು.

"ಡಬ್ಬಿ ಕೆಟ್ಟಿಲ್ಲಮ್ಮ, ಬದಲಾಯಿಸ್ಬೇಡ," ಅಂದಳು. ಗಂಡನ ಕಡೆ ತಿರುಗಿ ದನಿ ತಗ್ಗಿಸಿದಳು. "ಮನೇಲಿ ಬಾಯಿ ಬಿಟ್ಟು ಕೇಳಿದ್ರೆ ಹೇಳ್ತಿರ್ಲಿಲ್ವಾ ನಾನು? ನಾಳೆಯಿಂದ ನಿಮ್ಮ ಡಬ್ಬೀನೂ ಆ ಮೊಳೆಗೇ ಹಾಕಿ. ಕಾವಲಿಗೆ ಅದು ಸಾಕು. ನೀವು ಹೋಗಿ ಊಟ ಮಾಡಿ."

ಮರುದಿನ ಮಧ್ಯಾಹ್ನ ಮೇಸ್ತ್ರಿ ತಲೆ ತಗ್ಗಿಸಿಕೊಂಡು ಮಹಡಿ ಹತ್ತಿದ. ಮೊಳೆಯ ತುದಿಯಲ್ಲಿ ಬೇಕಾದಷ್ಟು ಜಾಗವಿತ್ತು. ಅವನು ಭಟ್ಟಿಯವನ ಡಬ್ಬಿಯನ್ನು ತೆಗೆದು, ತನ್ನದನ್ನು ನಡುವೆ ಹಾಕಿ, ಆಮೇಲೆ ಅವನದನ್ನು ಆಚೆಗೆ ನೇತುಹಾಕಿದ.