ಆದಿಲಕ್ಷ್ಮಮ್ಮನ ಜಡೆ

ನೀರು ಸುರಿಯುತ್ತಿದ್ದ ಹಾಗೆಯೇ ಜಡೆ ಇಡಿಯಾಗಿ ಮುನಿಯಲ್ಲಮ್ಮನ ಕೈಗೆ ಬಂದುಬಿಟ್ಟಿತು.

ಅವರು ಕಿರುಚಲಿಲ್ಲ. ಕೈಯಲ್ಲಿ ಜೋತುಬಿದ್ದ ಜಡೆಯನ್ನು ಒಮ್ಮೆ ನೋಡಿದರು, ಹಲಗೆಯ ಮೇಲೆ ಮಲಗಿದ್ದ ಅತ್ತಿಗೆಯ ತಲೆಯನ್ನು ಒಮ್ಮೆ ನೋಡಿದರು, ಆಮೇಲೆ ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಹೆಣಕ್ಕೆ ನೀರು ಹಾಕಲು ಒಳಗೆ ಬಂದಿದ್ದವರು ಮೂವರೇ: ತೀರಿಹೋದ ಆದಿಲಕ್ಷ್ಮಮ್ಮನ ನಾದಿನಿ ಮುನಿಯಲ್ಲಮ್ಮ, ಮಗಳು ಸುನಂದ, ಸೊಸೆ ತ್ರಿವೇಣಿ. ಹೊರಗೆ ಮುಳಬಾಗಿಲಿನ ಅರ್ಧ ಬೀದಿ ಸೇರಿತ್ತು.

"ಇದೇನೇ ಇದು?" ಎಂದರು ಮುನಿಯಲ್ಲಮ್ಮ. ಕೇಳಿದ್ದು ತ್ರಿವೇಣಿಯನ್ನು.

ತ್ರಿವೇಣಿ ಕೈಯಲ್ಲಿದ್ದ ಚೊಂಬನ್ನು ಎದೆಗೆ ಅವಚಿಕೊಂಡಳು.

"ಚೌರಿ," ಎಂದಳು ಸುನಂದ. "ಅಮ್ಮ ಚೌರಿ ಕಟ್ಕೊಂಡಿದ್ಲಾ?"

ಮೊಣಕಾಲು ಮುಟ್ಟುವ ಜಡೆಯ ಆದಿಲಕ್ಷ್ಮಮ್ಮನ ತಲೆ ಈಗ ಹಲಗೆಯ ಮೇಲೆ ಬರಿದಾಗಿ ಕಾಣುತ್ತಿತ್ತು. ಕೂದಲು ಭುಜವನ್ನೂ ಮುಟ್ಟುತ್ತಿರಲಿಲ್ಲ. ಕತ್ತಿನ ಹತ್ತಿರ ಎಡಕ್ಕೆ ಮೋಟು, ಬಲಕ್ಕೆ ಒಂದಿಷ್ಟು ಉದ್ದ. ಯಾರೋ ಕಳ್ಳತನದಲ್ಲಿ ಹುಲ್ಲು ಕೊಯ್ದುಕೊಂಡು ಓಡಿದ ಹಾಗಿತ್ತು.

ಮುನಿಯಲ್ಲಮ್ಮನಿಗೆ ಅನುಮಾನವೆನ್ನುವುದು ಹೊಸದಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಪೂಜಾರಿ ಅರ್ಧ ಮಂತ್ರ ನುಂಗುತ್ತಾನೆ, ಡಾಕ್ಟರು ಇಲ್ಲದ ಕಾಯಿಲೆ ಹುಟ್ಟಿಸುತ್ತಾನೆ ಎಂದೇ ಅವರು ಬದುಕಿಕೊಂಡು ಬಂದಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕೂತ ಆದಿಲಕ್ಷ್ಮಮ್ಮ ಹಾಗೆಯೇ ಹೋಗಿಬಿಟ್ಟರು ಎಂಬ ಸುದ್ದಿ ತಲುಪಿದ ಕೂಡಲೇ ನಂಗಲಿಯಿಂದ ಓಡಿ ಬಂದಿದ್ದರು. ಹೆಣದ ಮುಂದೆ ಕೂತು ಮನಸಾರೆ ಅತ್ತರು. ಅಳುತ್ತಲೇ ಅತ್ತಿಗೆಯ ಓಲೆ, ಮೂಗುಬೊಟ್ಟು, ತಾಳಿ ಇದ್ದ ಜಾಗದಲ್ಲಿ ಇವೆಯೇ ಎಂದು ನೋಡಿಕೊಂಡರು. ಎಲ್ಲವೂ ಇದ್ದವು. ಅದರಿಂದ ಸಮಾಧಾನವಾಗುವ ಬದಲು ಅವರ ಅನುಮಾನ ಇನ್ನಷ್ಟು ಹೆಚ್ಚಾಗಿತ್ತು.

ಈಗ ಕಾರಣ ಸಿಕ್ಕಿತು. ಜಡೆಯನ್ನು ನೀರೊಲೆಯ ಪಕ್ಕದ ಬೂದಿಗೆ ಎಸೆದು ಕೈ ತೊಳೆದುಕೊಂಡರು.

"ಯಾರ್ ತಲೇದೋ ಏನೋ. ಅದನ್ನ ಕಟ್ಟಿ ನಮ್ ವದಿನನ ಮಣ್ಣಿಗೆ ಕಳಿಸ್ತಿದ್ವಲ್ಲ." ನಂಗಲಿಯ ಕಡೆಯ ರೂಢಿಯಂತೆ ಅತ್ತಿಗೆಯನ್ನು ಅವರು ಮೊದಲಿನಿಂದಲೂ ವದಿನ ಎಂದೇ ಕರೆಯುತ್ತಿದ್ದರು. "ಹೇಳು ತ್ರಿವೇಣಿ, ಅವ್ಳ ಕೂದ್ಲೆಲ್ಲಿ?"

"ಅತ್ತೆಮ್ಮ, ನಂಗೆ ಹೇಳ್ಬೇಡ ಅಂದಿದ್ರು."

"ಯಾರು?"

"ಅತ್ತೇನೇ."

"ಸತ್ತೋರ ಮೇಲೆ ಹಾಕೋದು ಸುಲಭ," ಎಂದು ಮುನಿಯಲ್ಲಮ್ಮ ಸುತ್ತ ಕಣ್ಣಾಡಿಸಿದರು. ಕಣ್ಣು ಒಲೆಯ ಬದಿಯಲ್ಲಿದ್ದ ಬಿಂದಿಗೆಯ ಮೇಲೆ ನಿಂತಿತು. "ಈ ಹೊಸ ಸ್ಟೀಲ್ ಬಿಂದಿಗೆ ಎಲ್ಲಿಂದ ಬಂತು? ಹೋದ ಸಲ ಬಂದಾಗ ಇರ್ಲಿಲ್ಲ. ಕೂದ್ಲು ತಗೊಂಡು ಪಾತ್ರೆ ಕೊಡೋನು ಈ ಬೀದಿಗೂ ಬರ್ತಾನಲ್ಲ?"

"ಅದು ಉದುರು ಕೂದ್ಲಿಗೆ ಬಂದಿದ್ದು. ಜಡೆ ಹಾಕೋದ್ ಕಲಿಯಕ್ ಬರೋ ಹುಡ್ಗೀರು ಬಾಚಿದಾಗ ಬಿದ್ದಿದ್ದೆಲ್ಲ ಅತ್ತೆ ಒಂದು ಚೀಲದಲ್ಲಿ ತುಂಬಿಡ್ತಿದ್ರು."

"ನೀನು ಹೇಳ್ಬೇಕು, ನಾನು ನಂಬ್ಬೇಕು." ಮುನಿಯಲ್ಲಮ್ಮ ಹಲಗೆಗೂ ತ್ರಿವೇಣಿಗೂ ನಡುವೆ ಬಂದು ನಿಂತರು. "ಈ ಹೆಣಾನ ನೀನು ಮುಟ್ಬೇಡ. ಬಾಗ್ಲು ತೆಗೆದು ನಮ್ ಅಣ್ಣನ್ನ, ನಾಲ್ಕು ಜನ ದೊಡ್ಡೋರನ್ನ ಕರೀತೀನಿ. ಮಣ್ಣಿಗೆ ಹೋಗೋದಕ್ಕೆ ಮುಂಚೆ ಇದು ತೀರ್ಮಾನ ಆಗ್ಲಿ. ಅಲ್ವೇ ಸುನಂದ?"

ಸುನಂದ ತ್ರಿವೇಣಿಯ ಮುಖವನ್ನು ನೋಡಿದಳು. ಅವಳಿಗೂ ಅನುಮಾನ ಬಂದಿತ್ತು. ಅಮ್ಮನ ತಲೆಗೆ ಯಾರೋ ಕತ್ತರಿ ಹಾಕಿದ್ದರು, ಮತ್ತು ಆ ಮನೆಯಲ್ಲಿ ಕತ್ತರಿ ಹಿಡಿಯುವವಳು ತ್ರಿವೇಣಿ ಒಬ್ಬಳೇ.

"ಅಮ್ಮ ಯಾರ್ಗೂ ತಲೆ ಕೊಡ್ತಿರ್ಲಿಲ್ಲ," ಎಂದಳು.

*

ಆದಿಲಕ್ಷ್ಮಮ್ಮನ ಮುಂದಿನ ಕೋಣೆಗೆ ಬೋರ್ಡು ಗೀರ್ಡು ಏನೂ ಇರಲಿಲ್ಲ. ಗೋಡೆಗೊಂದು ಕನ್ನಡಿ, ಮರದ ಸ್ಟೂಲು, ಬಿಸ್ಕತ್ತಿನ ಡಬ್ಬಿಯ ತುಂಬ ಬಾಚಣಿಗೆ, ಹೇರ್‌ಪಿನ್ನು, ರಬ್ಬರ್ ಬ್ಯಾಂಡು. ತಮ್ಮ ಜಡೆ ತಾವು ಹಾಕಿಕೊಳ್ಳಲು ಬಾರದ ಹುಡುಗಿಯರನ್ನು ತಾಯಂದಿರು ಅಲ್ಲಿಗೆ ಅಟ್ಟುತ್ತಿದ್ದರು. ಸ್ಕೂಲಿಗೆ ಎರಡು ಜಡೆ, ಗಾರ್ಮೆಂಟ್ಸಿಗೆ ಹೋಗುವವರಿಗೆ ಸಂಜೆಯವರೆಗೂ ಬಿಚ್ಚದ ತುರುಬು, ಮದುವೆ ಮನೆಗೆ ಹೋಗುವವರಿಗೆ ಹೂ ನಿಲ್ಲುವಂಥ ಜಡೆ. ಕಲಿಸುವಾಗ ಅವರು ಪ್ರೀತಿಯಿಂದಲೇ ಬೈಯುತ್ತಿದ್ದರು.

"ಬುಡದಿಂದ ಎಳೀಬೇಡ್ವೇ, ನೇಗಿಲೇನು ಅದು? ತುದೀಲಿ ಸಿಕ್ಕು ಬಿಡ್ಸು, ಆಮೇಲೆ ಮೇಲಕ್ ಬಾ. ಒದ್ದೆ ತಲೆಗೆ ಬಾಚಣಿಗೆ ಹಾಕ್ಬೇಡ. ಮೂಗಿನ ನೇರಕ್ಕೆ ಬೈತಲೆ ತೆಗಿ. ಮೂರು ಕಾಲೂ ಒಂದೇ ದಪ್ಪ ಇರ್ಲಿ, ಒಂದು ಕಾಲು ಸಣ್ಣ ಆದ್ರೆ ಜಡೆ ಕುಂಟ್ತದೆ."

ಇಷ್ಟು ಜನರ ತಲೆ ಮುಟ್ಟಿದ ಹೆಂಗಸು ತನ್ನ ತಲೆಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಮನೆಯವರು ಏಳುವ ಮೊದಲೇ ಎದ್ದು, ಬಾಚಿ, ಜಡೆ ಮುಗಿಸಿಕೊಂಡೇ ಈಚೆಗೆ ಬರುತ್ತಿದ್ದರು. ಸುನಂದ ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಧೈರ್ಯ ಮಾಡಿ ಕೇಳಿದ್ದಳು.

"ಅಮ್ಮ, ಒಂದ್ಸಲ ನಿನ್ ಜಡೆ ನಾನ್ ಹಾಕ್ಲಾ? ಈಗ ನಂಗೆ ಬರ್ತದೆ."

"ಕಲಿಯಕ್ಕೆ ನಿನ್ ತಲೆ ಇದ್ಯಲ್ಲ."

ತಮಾಷೆಗೆ ಹೇಳಿದ ಮಾತು. ಸುನಂದ ಮದುವೆಯಾಗಿ ಶ್ರೀನಿವಾಸಪುರಕ್ಕೆ ಹೋಗುವ ದಿನವೂ ಅದನ್ನು ಮರೆತಿರಲಿಲ್ಲ.

*

"ಅಮ್ಮ ತಾನಾಗೇ ಕೊಟ್ಲಾ, ನೀನೇ ಬಲವಂತ ಮಾಡಿದ್ಯಾ?" ಎಂದು ಸುನಂದ ಕೇಳಿದಳು. "ನಿಜ ಹೇಳು ತ್ರಿವೇಣಿ. ಅಮ್ಮನ ಎದುರಿಗೆ ನಿಂತಿದ್ದೀಯ."

ತ್ರಿವೇಣಿ ಚೊಂಬನ್ನು ಕೆಳಗಿಟ್ಟಳು. ಹೇಳಿದರೆ ನಾಳೆಯಿಂದ ಮುಳಬಾಗಿಲಿನ ಒಬ್ಬ ಹೆಣ್ಣುಮಗಳೂ ಅವಳ ಕತ್ತರಿಯ ಮುಂದೆ ತಲೆ ಬಗ್ಗಿಸುವುದಿಲ್ಲ. ಹೇಳದಿದ್ದರೆ ಅತ್ತೆಯ ಕೂದಲು ಮಾರಿಕೊಂಡವಳು ಎಂದು ಹೆಣದ ಮುಂದೆಯೇ ತೀರ್ಮಾನವಾಗುತ್ತದೆ. ಗಂಡ ಕದಿರೇಶ ಹೊರಗೆ ಚಟ್ಟಕ್ಕೆ ಬಿದಿರು ಕಟ್ಟಿಸುತ್ತಿದ್ದ. ಅವನಿಗೂ ಇದೇನೂ ಗೊತ್ತಿರಲಿಲ್ಲ.

"ನಾನೇ ಕತ್ತರಿಸಿದ್ದು," ಎಂದಳು. "ತಪ್ಪಾಗಿ ಕತ್ತರಿಸ್ದೆ."

*

ಆಗಷ್ಟೇ ಈ ವರ್ಷದ ಯುಗಾದಿ ಕಳೆದಿತ್ತು. ಮುಂದಿನ ಕೋಣೆಗೆ ಬರುವ ಹುಡುಗಿಯರು ಕಡಿಮೆಯಾಗಿದ್ದರು. ಬಂದವರು ಜಡೆ ಕೇಳುತ್ತಿರಲಿಲ್ಲ, ಕಟಿಂಗು ಕೇಳುತ್ತಿದ್ದರು. ಅದಕ್ಕೆಂದೇ ತ್ರಿವೇಣಿ ಕೋಲಾರಕ್ಕೆ ಹೋಗಿ ಕಲಿತು ಬಂದಿದ್ದಳು. ಕಲಿತದ್ದು ಪ್ಲಾಸ್ಟಿಕ್ ಬೊಂಬೆಯ ತಲೆಯ ಮೇಲೆ. ನಿಜವಾದ ತಲೆ ಮುಂದೆ ಬಂದು ಕೂತರೆ ಅವಳ ಕೈ ನಡುಗುತ್ತಿತ್ತು, ಅದನ್ನು ಕನ್ನಡಿಯಲ್ಲಿ ನೋಡಿದ ಹುಡುಗಿ ಏನಾದರೊಂದು ನೆಪ ಹೇಳಿ ಎದ್ದು ಹೋಗುತ್ತಿದ್ದಳು.

ಮಾವ ಅಶ್ವತ್ಥಪ್ಪ ರೇಷ್ಮೆಗೂಡು ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದ ಒಂದು ಮಧ್ಯಾಹ್ನ ಆದಿಲಕ್ಷ್ಮಮ್ಮ ಬಾಗಿಲು ಹಾಕಿ, ಹೆಗಲಿಗೆ ಟವೆಲ್ ಹೊದ್ದು, ಸ್ಟೂಲಿನ ಮೇಲೆ ಕೂತರು.

"ಬಾ, ಕತ್ತರ್ಸು."

"ಅಯ್ಯೋ, ಬೇಡ ಅತ್ತೆ."

"ಪ್ಲಾಸ್ಟಿಕ್ ತಲೆ ಅಳಲ್ಲ, ಅದಕ್ಕೇ ನಿಂಗೆ ಭಯ ಹೋಗಿಲ್ಲ. ಸೊಂಟದಿಂದ ಕೆಳಗಿರೋದೆಲ್ಲ ಹೋಗ್ಲಿ. ನಂಗೂ ಎಣ್ಣೆ ಹಾಕಿ ಹಾಕಿ ಸಾಕಾಗಿದೆ."

ತ್ರಿವೇಣಿ ಕಲಿತ ಹಾಗೆಯೇ ಮಾಡಿದಳು. ಕೂದಲೆಲ್ಲ ಒಟ್ಟು ಮಾಡಿ ಕತ್ತಿನ ಹತ್ತಿರ ಒಂದು ರಬ್ಬರ್ ಬ್ಯಾಂಡು, ಅಲುಗದಿರಲಿ ಎಂದು. ಸೊಂಟದ ಹತ್ತಿರ ಇನ್ನೊಂದು, ಅಳತೆಗೆ. ಕತ್ತರಿಸಬೇಕಾದದ್ದು ಕೆಳಗಿನದರ ಕೆಳಗೆ. ಅಷ್ಟರಲ್ಲಿ ಬೀದಿಯಲ್ಲಿ ಯಾವುದೋ ಗಾಡಿ ನಿಂತ ಸದ್ದಾಯಿತು. ಮಾವ ಬಂದರೆಂದು ಗಾಬರಿಯಾದ ತ್ರಿವೇಣಿ ಬೇಗ ಮುಗಿಸೋಣವೆಂದು ಬ್ಯಾಂಡಿನ ಕೆಳಗೆ ಕತ್ತರಿ ಹಾಕಿ ಒತ್ತಿಬಿಟ್ಟಳು. ಅದು ಮೇಲಿನ ಬ್ಯಾಂಡಾಗಿತ್ತು.

ಇಡೀ ಜಡೆ ಅವಳ ಕೈಯಲ್ಲಿತ್ತು. ಗಾಡಿ ಪಕ್ಕದ ಮನೆಯದು.

ಆದಿಲಕ್ಷ್ಮಮ್ಮ ಕೈ ಹಿಂದಕ್ಕೆ ತಂದು ಕತ್ತು ಮುಟ್ಟಿ ನೋಡಿಕೊಂಡರು. ಎಷ್ಟೋ ಹೊತ್ತು ಕನ್ನಡಿಯಲ್ಲೇ ನೋಡುತ್ತಿದ್ದರು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಕಾಲು ಹಿಡಿದುಕೊಂಡ ಸೊಸೆಯನ್ನು ಎಬ್ಬಿಸಿದ್ದೂ ಅವರೇ.

"ಕತ್ತಿಗೆ ಗಾಳಿ ಬೀಳ್ತಿದೆ ಕಣೇ," ಎಂದರು ಮೂಗು ಒರೆಸಿಕೊಳ್ಳುತ್ತ. "ಹೋಗ್ಲಿ, ಎದ್ದೇಳು. ಕಪ್ಪು ದಾರ ತಾ. ಯಾರ್ಗೂ ಹೇಳ್ಬೇಡ, ನಿನ್ ಗಂಡನ್ಗೂ. ಅತ್ತೆ ತಲೇನೇ ಕೆಡಿಸಿದೋಳು ಅಂತ ಹೆಸರು ಬಂದ್ರೆ ಈ ಊರಲ್ಲಿ ಯಾರೇ ನಿಂಗೆ ತಲೆ ಕೊಡ್ತಾರೆ?"

ಅವತ್ತು ಸಂಜೆಯವರೆಗೆ ಕೂತು ತಮ್ಮ ಕೂದಲಿಗೆ ತಾವೇ ದಾರ ಸುತ್ತಿ ಬುಡ ಕಟ್ಟಿದರು. ಮರುದಿನದಿಂದ ಅದನ್ನೇ ಸೇರಿಸಿ ಜಡೆ ಹಾಕಿಕೊಂಡು ಓಡಾಡಿದರು. ಗೂಡಿನ ಎಳೆ ಎಲ್ಲಿ ತುಂಡಾಗಿದೆ ಎಂದು ನೋಟದಲ್ಲೇ ಹೇಳುವ ಅಶ್ವತ್ಥಪ್ಪನಿಗೆ ಹೆಂಡತಿಯ ಜಡೆ ಬೇರೆಯಾದದ್ದು ತಿಳಿಯಲೇ ಇಲ್ಲ. ಆಮೇಲೆ ತ್ರಿವೇಣಿಯ ಕೈ ನಡುಗಿದ್ದೂ ಇಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೇನು ಆಗುವುದಿತ್ತು?

*

"ಕಥೆ ಚೆನ್ನಾಗಿದೆ," ಎಂದರು ಮುನಿಯಲ್ಲಮ್ಮ. "ಹಂಗಾದ್ರೆ ಆ ಕೂದ್ಲೆಲ್ಲಿ?"

"ನೀವೇ ಎಸೆದ್ರಲ್ಲ ಅತ್ತೆಮ್ಮ."

ಮುನಿಯಲ್ಲಮ್ಮ ಬೂದಿಯ ಕಡೆ ನೋಡಿದರು. ಅನುಮಾನ ಬಂದ ಮೇಲೆ ಕೈಯಲ್ಲಿದ್ದುದನ್ನು ಸರಿಯಾಗಿ ನೋಡಲು ಅವರಿಗೆ ಪುರುಸೊತ್ತೇ ಆಗಿರಲಿಲ್ಲ. ಎತ್ತಿಕೊಂಡು, ಬೂದಿ ಹೋಗುವವರೆಗೆ ನೀರಿನಲ್ಲಿ ಜಾಲಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ಅಂಗಡಿಯ ಚೌರಿ ಕಡುಗಪ್ಪಾಗಿರುತ್ತದೆ. ಇದರ ತುದಿಯಲ್ಲಿ ಹಳೆಯ ಗೋರಂಟಿಯ ಕೆಂಪಿತ್ತು, ಮೇಲೆ ಹೋದಂತೆ ನರೆ. ಅಷ್ಟಕ್ಕೂ ಬಿಡದೆ ಹಲಗೆಯ ಬಳಿ ಕುಕ್ಕರುಗಾಲಿನಲ್ಲಿ ಕೂತು, ಕತ್ತಿನ ಹತ್ತಿರದ ಮೋಟು ಕೂದಲಿಗೆ ಅದನ್ನು ತಾಗಿಸಿ, ಬಣ್ಣ ನೋಡಿ, ದಪ್ಪ ನೋಡಿ, ಎರಡನ್ನೂ ಬೆರಳಲ್ಲಿ ಹೊಸೆದು ನೋಡಿದರು.

"ವದಿನಂದೇ," ಎಂದರು. ಆಮೇಲೆ ಅಲ್ಲೇ ನೀರಿನಲ್ಲಿ ಕೂತುಬಿಟ್ಟರು.

ಸುನಂದ ಗೋಡೆಗೆ ಒರಗಿ ಅಳುತ್ತಿದ್ದಳು. ಅಮ್ಮ ಹೋದದ್ದಕ್ಕೆ ಬೆಳಿಗ್ಗೆಯಿಂದ ಅತ್ತಿದ್ದಳು. ಈ ಅಳು ಬೇರೆ. "ನಂಗೆ ಕೊಡ್ಲಿಲ್ಲ," ಎಂದಳು. "ಹೊಟ್ಟೇಲಿ ಹುಟ್ಟಿದೋಳ್ಗೆ ಕೊಡ್ದೇ ಇರೋ ತಲೇನ ನಿಂಗೆ ಕೊಟ್ಲಲ್ಲೇ."

"ನೀವು ತಪ್ಪು ಮಾಡಲ್ಲ ಅಕ್ಕ, ಅದಕ್ಕೇ ಇರ್ಬೇಕು," ಎಂದಳು ತ್ರಿವೇಣಿ.

ಯಾರೋ ಬಾಗಿಲು ತಟ್ಟಿದರು. ಎದುರು ಮನೆಯ ಶಾಮಲಮ್ಮ. ಅವರ ಕಿವಿಗೆ ಬಿದ್ದದ್ದು ಊರ ಕೊನೆಯ ಸೋಮೇಶ್ವರಪಾಳ್ಯಕ್ಕೆ ತಲುಪಲು ಫೋನು ಬೇಕಿರಲಿಲ್ಲ.

"ಏನ್ ಮುನಿಯಲ್ಲಮ್ಮ, ಚಿಲಕ ಬೇರೆ ಹಾಕ್ಕೊಂಡಿದ್ದೀರ? ಇಷ್ಟೊತ್ತು ಏನ್ ಮಾಡ್ತಿದ್ದೀರ ಒಳಗೆ? ಹಾರ ತಂದೋರು ಕಾಯ್ತಾವ್ರೆ."

ತ್ರಿವೇಣಿ ಕಣ್ಣೊರೆಸಿಕೊಂಡಳು. "ತೆಗೀರಿ ಅತ್ತೆಮ್ಮ. ನಾನೇ ಕತ್ತರಿಸಿದ್ದು ಅಂತ ಎಲ್ಲರ ಮುಂದೆ ಹೇಳ್ಬಿಡ್ತೀನಿ. ಮುಚ್ಚಿಟ್ಟು ಮುಚ್ಚಿಟ್ಟು ನಂಗೂ ಸಾಕಾಗಿದೆ."

ಮುನಿಯಲ್ಲಮ್ಮ ಎದ್ದರು. ಒದ್ದೆ ಸೀರೆಯನ್ನು ಹಿಂಡಿಕೊಂಡು ಬಾಗಿಲ ತನಕ ಹೋದವರು ಚಿಲಕ ಮುಟ್ಟಲಿಲ್ಲ.

"ಬರ್ತೀವಿ ಇರಮ್ಮ, ಅರಿಶಿನ ಹಚ್ತಿದ್ದೀವಿ," ಎಂದು ಹೊರಗಿನವರಿಗೆ ಕೇಳುವಂತೆ ಹೇಳಿ, ಹಿಂದಕ್ಕೆ ತಿರುಗಿ ಸಣ್ಣ ದನಿಯಲ್ಲಿ ಗದರಿದರು. "ಬಾಯ್ಮುಚ್ಕೊಂಡು ಜಡೆ ಹಾಕು. ಸಾಯೋವರ್ಗೂ ಅವ್ಳು ನಿನ್ ಮಾನ ಕಾಪಾಡವ್ಳೆ. ಇವತ್ತೊಂದಿನ ನಮ್ ಕೈಲಿ ಆಗಲ್ವಾ?"

ತ್ರಿವೇಣಿ ಟವೆಲಿನಿಂದ ತಲೆ ಒರೆಸಿದಳು. ಬಾಚಣಿಗೆಗೆ ಕೈ ಹಾಕಿದಾಗ ಸುನಂದ ಅದನ್ನು ತೆಗೆದುಕೊಂಡಳು. ತುದಿಯಿಂದ ಸಿಕ್ಕು ಬಿಡಿಸಿ ಮೇಲಕ್ಕೆ ಬಂದಳು, ಮೂಗಿನ ನೇರಕ್ಕೆ ಬೈತಲೆ ತೆಗೆದಳು. ತ್ರಿವೇಣಿ ಮೋಟು ಕೂದಲನ್ನು ಒಟ್ಟು ಮಾಡಿ ಜಡೆಯ ಬುಡವನ್ನು ಕಟ್ಟಿದಳು. ಹೆಣೆಯುವಾಗ ಮುನಿಯಲ್ಲಮ್ಮ ಪಕ್ಕದಲ್ಲೇ ನಿಂತು, ಮೂರು ಕಾಲೂ ಒಂದೇ ದಪ್ಪ ಇವೆಯೇ ಎಂದು ಎರಡೆರಡು ಸಲ ನೋಡಿದರು.

ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸಿ ಗೋಡೆಗೆ ಒರಗಿಸಿದಾಗ ಆದಿಲಕ್ಷ್ಮಮ್ಮ ಎಲ್ಲಿಗೋ ಹೊರಟ ಮುತ್ತೈದೆಯ ಹಾಗೆ ಕಂಡರು. ಹಸಿರು ಸೀರೆ, ಹಣೆ ತುಂಬ ಕುಂಕುಮ, ಎಡಭುಜದ ಮೇಲಿಂದ ಮಡಿಲಿಗೆ ಇಳಿದ ಜಡೆ, ಅದರ ಉದ್ದಕ್ಕೂ ಕನಕಾಂಬರ. ಅಶ್ವತ್ಥಪ್ಪ ಆ ಜಡೆ ನೋಡಿ ಬಿಕ್ಕಿದರು.

ಶಾಮಲಮ್ಮ ಹಾರ ಹಾಕಿ ಹಿಂದೆ ಸರಿಯಲಿಲ್ಲ. ಬಗ್ಗಿ ನೋಡಿದರು.

"ಈ ವಯಸ್ನಲ್ಲೂ ಇಷ್ಟು ಕೂದ್ಲಾ? ನಂಗ್ಯಾಕೋ... ಎಲ್ಲಾ ಇವ್ರದೇನಾ?"

ಅವರ ಕೈ ಹೆಣದ ಕತ್ತಿನ ಕಡೆಗೆ ಹೋಗುತ್ತಿತ್ತು. ತ್ರಿವೇಣಿ ಕಂಬ ಹಿಡಿದುಕೊಂಡಳು.

"ಎಲ್ಲಾ ನಮ್ ವದಿನಂದೇ," ಎಂದರು ಮುನಿಯಲ್ಲಮ್ಮ. "ಒಂದೆಳೆ ಬೇರೆಯವ್ರದಿಲ್ಲ. ಸರಿಯಮ್ಮ ಅತ್ಲಾಗೆ, ತಲೆ ವಾಲ್ತಾ ಇದೆ."

ಸ್ಟೂಲು ಎಳೆದುಕೊಂಡು ಕುರ್ಚಿಯ ಪಕ್ಕದಲ್ಲಿ ಕೂತು, ಅಂಗೈಯನ್ನು ಅತ್ತಿಗೆಯ ಕತ್ತಿನ ಹಿಂದೆ, ದಾರದ ಗಂಟಿನ ಮೇಲೆ ಇಟ್ಟರು. ನೋಡಿದವರು ಅತ್ತಿಗೆಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡರು. ಬಿಸಿಲು ಜಗಲಿಗೆ ಏರಿತು.

"ಕೈ ನೋಯ್ತದೆ, ತೆಗಿಯಮ್ಮ," ಎಂದರು ಅಶ್ವತ್ಥಪ್ಪ.

"ಇರ್ಲಿ ಬಿಡಣ್ಣ."

ಹಾರ ಹಿಡಿದು ಮುಂದೆ ಬಂದ ಒಂದೊಂದು ಕೈಯನ್ನೂ ಮುನಿಯಲ್ಲಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಚಟ್ಟಕ್ಕೆ ಎತ್ತುವವರು ಬಂದು, "ಬಿಡಿ ತಾಯಿ," ಎಂದು ಕೇಳಿಕೊಳ್ಳುವವರೆಗೂ ಅವರ ಅಂಗೈ ಆ ಗಂಟಿನ ಮೇಲೆಯೇ ಇತ್ತು.